ಕೊಸರು ಹಾಕಬಾರದ ಪಾತ್ರೆ

ಕಣ್ಣಿನ ಶಿಬಿರದ ಡಾಕ್ಟರು ನಮ್ಮತ್ತೆಯ ಮುಖದ ಮುಂದೆ ಬೆರಳು ಹಿಡಿದು, "ಎಷ್ಟಿದೆ ಹೇಳು ಅಜ್ಜಿ" ಎಂದು ತಮಿಳಿನಲ್ಲಿ ಕೇಳಿದರು. ಅತ್ತೆ, "ನೀವೇ ಒಂದ್ ಮಾತು ಹೇಳಿ ಸಾಮಿ" ಎಂದಳು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ರಾಯಕೋಟೆ ಸಂತೆಯಲ್ಲಿ ಕಾಳಿನ ಬೆಲೆ ಕೇಳಿದವರಿಗೆ ನಾನು ಕೊಡುವ ಉತ್ತರವೇ ಅದು. ನನ್ನಿಂದಲೇ ಕಲಿತಿದ್ದಾಳೆ ಅಂದುಕೊಂಡೆ.

ಡಾಕ್ಟರು ನಗಲಿಲ್ಲ. ಟಾರ್ಚು ಹಾಕಿ ಎರಡೂ ಕಣ್ಣು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಎಡಗಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುತ್ತಿಲ್ಲ, ಬಲಗಣ್ಣಿನ ಪೊರೆಯೂ ಪೂರ್ತಿ ಬಲಿತುಹೋಗಿದೆ, ಇನ್ನೂ ತಡ ಮಾಡಿದರೆ ಆಪರೇಷನ್ ಮಾಡಿಯೂ ಫಲವಿಲ್ಲದೆ ಹೋಗಬಹುದು ಎಂದರು. "ಮನೆಯಲ್ಲಿ ಯಾರೂ ಗಮನಿಸಲಿಲ್ವಾ?"

ಅದೇ ಬೆಳಿಗ್ಗೆ ಅತ್ತೆ ಸೌದೆ ಒಲೆಯ ಮುಂದೆ ಕೂತು ಮುದ್ದೆ ತೊಳಸಿದ್ದಳು, ಸೊಪ್ಪಿನ ಸಾರು ಮಾಡಿದ್ದಳು, ನನ್ನ ತಟ್ಟೆಗೆ ಬಡಿಸಿದ್ದಳು. ತಟ್ಟೆಯ ಆಚೆ ಒಂದು ತೊಟ್ಟೂ ಬಿದ್ದಿರಲಿಲ್ಲ. ಕಾಣದ ಕಣ್ಣಿನಲ್ಲಿ, ಉರಿಯುವ ಒಲೆಯ ಮುಂದೆ, ಬೆರಳು ಮೂಗುಗಳನ್ನೇ ನಂಬಿಕೊಂಡು ಅವಳು ಎಷ್ಟು ಕಾಲದಿಂದ ಹೀಗೆ ಬೇಯಿಸುತ್ತಿದ್ದಾಳೋ ನನಗೆ ಗೊತ್ತಿಲ್ಲ. ಒಂದೇ ಮನೆಯಲ್ಲಿ ಇದ್ದುಕೊಂಡು ಗೊತ್ತಿಲ್ಲ.

ಆ ಶಿಬಿರ ನಡೆದದ್ದು ಊರಿನ ಶಾಲೆಯಲ್ಲಿ. ಮುಂದಿನ ಬುಧವಾರ ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಬಂದು, ಆಪರೇಷನ್ ಆಗಬೇಕಾದವರನ್ನು ಕೃಷ್ಣಗಿರಿಗೆ ಕರೆದುಕೊಂಡು ಹೋಗುತ್ತದೆ, ಒಂದೆರಡು ರಾತ್ರಿ ಅಲ್ಲೇ ಇರಬೇಕು, ಬಂದಮೇಲೂ ಹೊಗೆ ಬೆಂಕಿಯ ಹತ್ತಿರ ತಿಂಗಳುಗಟ್ಟಲೆ ಹೋಗಬಾರದು ಎಂದು ನರ್ಸಮ್ಮ ಹೇಳಿದಳು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಶಾಲೆಯ ಗೇಟು ದಾಟಿದ ಮೇಲೆ, "ನಾನ್ ಬರಲ್ಲ" ಎಂದಳು.

"ಯಾಕತ್ತೆ? ಭಯನಾ?"

"ಭಯ ಏನೇ ಭಯ. ನಾನ್ ಅಲ್ಲಿ ಮಲ್ಕಂಡ್ರೆ ಇಲ್ಲಿ ಕೂಳ್ ಬೇಯ್ಸೋರ್ ಯಾರು? ನಿನ್ ಮಗ್ಳು ಒಂದ್ ಹೊತ್ಗೆ ಬತ್ತಾಳೆ. ನನ್ ಮಗ ಒಂದ್ ಹೊತ್ಗೆ ಬತ್ತಾನೆ. ನೀನೂ ಬತ್ತೀಯ, ಬಂದ್ಬುಟ್ಟು ತಟ್ಟೆ ಮುಂದೆ ಕೂರ್ತೀಯ."

"ಹೋಟ್ಲಿಂದ ತರ್ತೀವಿ ಬುಡು."

"ಬೆಳಕರಿಯೋ ಹೊತ್ಗೆ ಆನೆ ಕಾದು ಬರೋನ್ಗೆ ಹೋಟ್ಲವನು ಮುದ್ದೆ ಇಟ್ಕಂಡು ಕೂತಿರ್ತಾನಾ?"

"ಕಣ್ಣು ಹೋದ್ರೆ?"

"ಹೋದ್ರೆ ಹೋಯ್ತು. ಇನ್ನೇನ್ ನೋಡೋಕ್ ಐತೆ ನಿನ್ ಮುಸುಡೀಲಿ."

ನಮ್ಮತ್ತೆ ನನ್ನ ಗಂಡನ ತಾಯಿ, ನನ್ನ ಅಪ್ಪನ ಒಡಹುಟ್ಟಿದ ಅಕ್ಕನೂ ಹೌದು. ಅದಕ್ಕೇ ನಮ್ಮಿಬ್ಬರ ನಡುವೆ ನೀವು ತಾವು ಇಲ್ಲ, ಮಾತಿಗೆ ಮುಲಾಜೂ ಇಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಮ್ಮ ಮನೆ ಸಾನಮಾವು ಕಾಡಿನ ಅಂಚಿಗೆ ಹತ್ತಿರ. ರಾಗಿ ತೆನೆ ಕಟ್ಟುವ ಕಾಲ ಬಂದರೆ ನನ್ನ ಗಂಡ ಆನೆ ಓಡಿಸಲು ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಇರುತ್ತಾನೆ. ಬೆಳಗಾದ ಮೇಲೆ ಬಂದು ಉಂಡು ಮಲಗುತ್ತಾನೆ. ಮಗಳು ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸಕ್ಕೆ ಹೋಗುತ್ತಾಳೆ. ಸಾಲಿನಲ್ಲಿ ಬರುವ ಪುಟ್ಟ ಪುಟ್ಟ ಭಾಗಗಳನ್ನು ನೋಡಿ ಇದು ಪಾಸು, ಇದು ರಿಜೆಕ್ಟು ಎಂದು ಬೇರೆ ಮಾಡುವ ಕೆಲಸ. ಅವಳ ಹಸಿವು ವಾರಕ್ಕೊಂದು ಹೊತ್ತಿಗೆ ಬದಲಾಗುತ್ತದೆ. ನಾನು ಕಾಳು ಮಾರುವವಳು. ಹುರುಳಿ, ಅಲಸಂದೆ, ತೊಗರಿ, ಒಣ ಅವರೆ. ಚಿಕ್ಕಂದಿನಲ್ಲಿ ಗೋಣಿ ಹಾಸಿಕೊಂಡು ಕೂತಿದ್ದ ಜಾಗದಲ್ಲೇ ಇವತ್ತು ಅಂಗಡಿ ಇದೆ. ಯಾರೂ ಕೊಟ್ಟದ್ದಲ್ಲ. ಒಲೆಯ ಮುಂದೆ ಕೂರುವ ಪುರುಸೊತ್ತು ಇದ್ದಿದ್ದರೆ ಅಂಗಡಿ ಆಗುತ್ತಿರಲಿಲ್ಲ. ಕಾಳನ್ನು ಬೆರಳಲ್ಲಿ ಉಜ್ಜಿ ಅದು ಯಾವ ಹೊಲದ್ದು ಎಂದು ಹೇಳಬಲ್ಲೆ. ಅದಕ್ಕೆ ಎಷ್ಟು ನೀರು ಹಾಕಬೇಕು ಎಂದು ಕೇಳಿದರೆ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಬುಧವಾರದೊಳಗೆ ನಾನು ಅಡುಗೆ ಕಲಿಯಬೇಕು. ಇಲ್ಲವಾದರೆ ಅತ್ತೆ ವ್ಯಾನು ಹತ್ತುವುದಿಲ್ಲ. ಇಷ್ಟೇ ವಿಷಯ.

"ಅಮ್ಮಾ, ಎಲೆಕ್ಟ್ರಿಕ್ ಕುಕ್ಕರ್ ತಗೋ" ಎಂದದ್ದು ಮಗಳು. "ನಮ್ ಲೈನಲ್ಲಿರೋ ಅಕ್ಕಂದಿರೆಲ್ಲ ಅದ್ರಲ್ಲೇ ಮಾಡೋದು. ಕಾಳು ಹಾಕು, ನೀರು ಹಾಕು, ಗುಂಡಿ ಒತ್ತು, ಸಂತೆಗೆ ಹೋಗು. ಅದೇ ಬೇಯ್ಸಿ ಅದೇ ಆರ್ಸ್ಕೊಳ್ತದೆ. ಒಂದಿನ ಬೇಯ್ಸಿದ್ರೆ ಎರಡ್ ದಿನಕ್ಕೆ ಬರ್ತದೆ."

ಹೊಸೂರಿಗೆ ಹೋದೆ. ಬಸ್ ಸ್ಟ್ಯಾಂಡಿಗೆ ಹತ್ತಿರದ ಅಂಗಡಿಯವನು ಬೋರ್ಡು ತೋರಿಸಿ "ಫಿಕ್ಸೆಡ್ ರೇಟ್ ಅಕ್ಕಾ" ಎಂದ. ಹಾಗೆ ಬೋರ್ಡು ಹಾಕಿರುವವನ ಹತ್ತಿರ ಬೆಲೆ ಇಳಿಸಲು ಹೋಗಬೇಡಿ. ಅವನಿಗೂ ಮರ್ಯಾದೆಯ ಪ್ರಶ್ನೆ, ನಮಗೂ ಗಂಟಲು ನೋವು. ಬೆಲೆಗೆ ಸರಿ ಎಂದುಬಿಡಿ. ಅವನ ಮುಖ ಅರಳುತ್ತದೆ. ಆಗ ಕೊಸರು ಕೇಳಿ. ನಾನು ಒಳಗಿನ ಪಾತ್ರೆ ಇನ್ನೊಂದು ಕೇಳಿದೆ, ಮುಚ್ಚಳದ ರಬ್ಬರ್ ಬಳೆ ಇನ್ನೊಂದು ಕೇಳಿದೆ. "ಯಾವ ಗಿರಾಕಿಯೂ ಇದ ಕೇಳಿಲ್ಲಕ್ಕಾ" ಎಂದ. "ನಾನ್ ಗಿರಾಕಿ ಅಲ್ಲಪ್ಪ, ವ್ಯಾಪಾರದೋಳು" ಎಂದೆ. ಪಾತ್ರೆ ಕೊಟ್ಟ, ಬಳೆಯನ್ನೂ ಕೊಟ್ಟ. ಹೊಸದಾಗಿ ಕುಕ್ಕರ್ ಕೊಳ್ಳುವವರಿಗೆ ನನ್ನ ಮೊದಲ ಮಾತು ಇದೇ. ಎರಡು ಪಾತ್ರೆ ಇದ್ದರೆ ಒಂದರಲ್ಲಿ ನಾಳೆಯದ್ದು ಫ್ರಿಜ್ಜಿನಲ್ಲಿ ಇರುವಾಗಲೇ ಇನ್ನೊಂದರಲ್ಲಿ ಇವತ್ತಿನದ್ದು ಬೇಯಿಸಬಹುದು. ರಬ್ಬರ್ ಬಳೆ ಒಂದೇ ಇದ್ದರೆ ಹುರುಳಿಯ ವಾಸನೆ ಹಿಡಿದು ಮರುದಿನ ಪಾಯಸವೂ ಹುರುಳಿಯಾಗುತ್ತದೆ.

ಮನೆಗೆ ತಂದು ಪೆಟ್ಟಿಗೆ ಬಿಚ್ಚಿದರೆ ಪುಸ್ತಕ ಇಂಗ್ಲಿಷ್ ಹಿಂದಿಯಲ್ಲಿತ್ತು. ನನ್ನ ಬಾಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓಡಾಡುತ್ತವೆ, ಆ ಪುಸ್ತಕದಲ್ಲಿ ಮೂರರಲ್ಲಿ ಒಂದೂ ಇರಲಿಲ್ಲ. ಮಗಳು ಓದಿ ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡೆ. ಕುಕ್ಕರನ್ನು ನಡುಮನೆಯಲ್ಲಿ ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟೆವು, ಪ್ಲಗ್ಗು ಇದ್ದದ್ದು ಅಲ್ಲೇ. ಅತ್ತೆ ಗೋಡೆ ಹಿಡಿದು ಬಂದು ಅದರ ಮೈ ತಡವಿದಳು.

"ಏನೇ ಇದು, ಹೊಟ್ಟೆ ಬಂದ ಬಸುರಿ ಥರಾ ಐತೆ."

"ಇದ್ರಾಗೆ ಬೇಯ್ಸಿ ಇಟ್ಬುಡ್ತೀನಿ ಅತ್ತೆ. ಯಾರ್ ಯಾವಾಗ್ ಬಂದ್ರೂ ಬಿಸಿ ಮಾಡ್ಕಂಡು ಉಣ್ಣೋದು."

"ಬೇಯ್ಸು ನೋಡಾನ" ಎಂದು ಗೋಡೆಗೆ ಒರಗಿ ಕೂತಳು. ಕೂತವಳು ಎದ್ದು ಹೋಗಲೇ ಇಲ್ಲ.

ಮೊದಲ ಅನ್ನ ಗಂಜಿಯಾಯಿತು. ಗಂಡ ತಟ್ಟೆ ನೋಡಿ, "ಇದು ಅನ್ನವಾ, ಗಂಜಿಯಾ?" ಎಂದ. "ನಿಂಗ್ ಯಾವ್ದು ಬೇಕೋ ಅದು" ಎಂದೆ. ಅವನು ತಟ್ಟೆ ಎತ್ತಿ ಕುಡಿದ. ಮುಚ್ಚಿ ಬೇಯಿಸುವ ಪಾತ್ರೆಯಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ. ಹಾಕಿದ್ದು ಹಾಕಿದ್ದೇ ಉಳಿಯುತ್ತದೆ. ತೆರೆದ ಪಾತ್ರೆಯ ಲೆಕ್ಕ ಇಲ್ಲಿ ತರಬೇಡಿ, ಕಡಿಮೆ ಹಾಕಿ. ಎರಡನೆಯದಾಗಿ, ಕೆಲಸ ಉಳಿಯುತ್ತದೆ ಎಂದು ನೀರಿಗೆ ರಾಗಿ ಹಿಟ್ಟು ಸುರಿದು ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕೆಂಪು ಇಂಗ್ಲಿಷ್ ಅಕ್ಷರ ಬಂತು, ಕುಕ್ಕರ್ ಕೀಚು ಕೀಚು ಎಂದು ಕೂಗತೊಡಗಿತು. ನಾನು ಹೌಹಾರಿ ಪ್ಲಗ್ಗು ಕಿತ್ತು ಅಂಗಳಕ್ಕೆ ಓಡಿದೆ. ತಳದಲ್ಲಿ ಹಿಟ್ಟು ಕರಕಲು, ಮೇಲೆ ಹಸಿ ನೀರು. ಮಗಳು ಸೌಟಿನಲ್ಲಿ ಎತ್ತಿ ನೋಡಿ, "ಅಮ್ಮಾ, ಇದು ರಿಜೆಕ್ಟು. ರೀವರ್ಕ್‌ಗೂ ಹೋಗಲ್ಲ" ಎಂದಳು. ಅತ್ತೆ ಕೂತಲ್ಲಿಂದಲೇ, "ಮುದ್ದೇನ ಮಿಷಿನ್ನು ತಿರುವ್ತದಾ? ನನ್ ರಟ್ಟೆ ಕೇಳು, ಹೇಳ್ತದೆ" ಎಂದಳು. ಮುದ್ದೆಗೆ ಈ ಕುಕ್ಕರ್ ಬೇಡ. ಅದು ನಡುಮನೆಯ ಮೂಲೆಯಲ್ಲಿ ಅತ್ತೆ ಮುಟ್ಟದೆ ಬಿಟ್ಟಿದ್ದ ಗ್ಯಾಸಿನ ಮೇಲೆ ಆಯಾ ಹೊತ್ತಿಗೇ ತಿರುವಿದರೆ ಚೆನ್ನ. ಕುಕ್ಕರಿಗೆ ಕೊಡಬೇಕಾದ್ದು ಬೇಯಲು ಹೊತ್ತು ಹಿಡಿಯುವ ಕಾಳು, ಬೇಳೆ, ಗೆಣಸು ಇಂಥವನ್ನು.

ಮೂರನೇ ದಿನಕ್ಕೆ ತೊಗರಿಬೇಳೆ ಬೆಂದಿತು. ನಾಲ್ಕನೇ ದಿನ ಅಲಸಂದೆ. ಖಾರ ರುಬ್ಬಿ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿಟ್ಟೆ. ಬೇಯಿಸಿದ ಕಾಳನ್ನು ಅಗಲ ಪಾತ್ರೆಗೆ ಸುರಿದು ಬೇಗ ಆರಿಸಿ, ತಣ್ಣಗಾದ ಮೇಲೆ ಒಳಗಿಟ್ಟೆ. ಕುಕ್ಕರಿನಲ್ಲೇ ಬೆಚ್ಚಗೆ ರಾತ್ರಿಯೆಲ್ಲ ಬಿಟ್ಟರೆ ಹುಳಿಯುತ್ತದೆ, ಬಿಡಬೇಡಿ. ಉಣ್ಣುವ ಹೊತ್ತಿಗೆ ಬೇಕಾದಷ್ಟು ತೆಗೆದು, ಖಾರ ಹುಣಸೆ ಹಾಕಿ ಗಳಗಳ ಕುದಿಸಿದರೆ ಸಾರು. ಇದನ್ನೇ ಹೆಂಗಸರು ದೊಡ್ಡ ವಿದ್ಯೆ ಎಂದು ನನ್ನನ್ನು ಇಷ್ಟು ವರ್ಷ ಹೆದರಿಸಿದ್ದು ಎಂದು ಆಶ್ಚರ್ಯವಾಯಿತು. ಆದರೆ ಅತ್ತೆ ಮಾತ್ರ ಮುಟ್ಟಲಿಲ್ಲ.

"ನಿನ್ನೆ ಬೇಯ್ಸಿದ್ದನ್ನ ಇವತ್ ತಿನ್ನೋದಾ? ತಂಗಳು."

ನಮ್ಮ ಮನೆಯಲ್ಲಿ ಅವಳ ಕಟ್ಟಳೆ ಇತ್ತು. ಬೆಳಗಿನ ಸಾರು ಸಂಜೆಗೆ ನಡೆಯುತ್ತದೆ, ಸಂಜೆಯ ಸಾರು ಬೆಳಿಗ್ಗೆ ಹಸುವಿನ ಮುಸುರೆಗೆ ಹೋಗುತ್ತದೆ. ರಾತ್ರಿ ಕಳೆದ ಸಾರನ್ನು ಮನುಷ್ಯರಿಗೆ ಬಡಿಸಿದರೆ ಆ ಮನೆಯ ಹೆಂಗಸು ಸೋಮಾರಿ ಎಂದು ಅರ್ಥ.

"ರಾತ್ರಿ ಮುದ್ದೇನ ಬೆಳಿಗ್ಗೆ ಮಜ್ಜಿಗೇಲಿ ಕಿವುಚ್ಕಂಡ್ ಕುಡಿಯೋದು ಯಾರು?" ಎಂದೆ.

"ಅದು ಬೇರೆ. ಅದು ಹೊಟ್ಟೆಗ್ ತಂಪು."

"ಹುರುಳಿ ಕಟ್ಟು? ಎರಡ್ ದಿನ ಕುದ್ಸಿ ಕುದ್ಸಿ ಉಣ್ತೀವಲ್ಲ. ಇವತ್ಗಿಂತ ನಾಳೆ ರುಚಿ ಅಂತ ಹೇಳ್ಕೊಟ್ಟಿದ್ದು ಯಾರು?"

ಅತ್ತೆ ಬಾಯಿ ತೆರೆದು ಮುಚ್ಚಿದಳು. ವ್ಯಾಪಾರದಲ್ಲಿ ಎದುರಿನವನು ಹಾಗೆ ಬಾಯಿ ತೆರೆದು ಮುಚ್ಚಿದರೆ ನಾವು ಮಾತು ನಿಲ್ಲಿಸಬೇಕು. ನಿಲ್ಲಿಸಿದೆ.

"ಸರಿ" ಎಂದಳು. "ಹುರುಳಿ ಬೇಯ್ಸು. ಸೋಮ್ವಾರ ಬೇಯ್ಸು, ನಾನು ಮಂಗ್ಳವಾರ ಮಧ್ಯಾಹ್ನ ತಿಂತೀನಿ. ಬಾಯ್ಗೆ ಹತ್ತಿದ್ರೆ ವ್ಯಾನ್ ಹತ್ತೀನಿ. ಹತ್ಲಿಲ್ಲ ಅಂದ್ರೆ ನನ್ನ ಕರೀಬೇಡ."

"ಆಯ್ತು."

"ನಿನ್ ಮಗ್ಳು ಕೈ ಹಾಕಂಗಿಲ್ಲ."

"ಆಯ್ತು."

ಒಂದು ಕಣ್ಣು, ಒಂದು ಪಾತ್ರೆ ಹುರುಳಿಯ ಮೇಲೆ ನಿಂತಿತು. ನಾನು ಆ ಮಾತಿಗೆ ಒಪ್ಪಿಬಿಟ್ಟೆ. ಸರಕು ಕೈಗೆ ಬರುವ ಮೊದಲೇ ಮಾರಿದ ಹಾಗೆ.

ಹುರುಳಿಯನ್ನು ನಾನೇ ಆರಿಸಿದೆ, ಭಾನುವಾರ ರಾತ್ರಿ ನೆನೆಹಾಕಿದೆ. ಸೋಮವಾರ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಬಂದೆ. ಮಗಳು ಶಿಫ್ಟಿಗೆ ಹೋಗಿದ್ದಳು. ಒಳಗೆ ಫೋನು ಬಿಡುವುದಿಲ್ಲ, ಏನಾದರೂ ಕೇಳಬೇಕೆಂದರೂ ಆಗುವುದಿಲ್ಲ. ಗಂಡ ಹೊಲಕ್ಕೆ ಹೊರಟಿದ್ದ. ಅತ್ತೆ ತನ್ನ ಜಾಗದಲ್ಲಿ ಕೂತಿದ್ದಳು. ಲೋಟದಲ್ಲಿ ಕಾಳು ಅಳೆದು ಹಾಕಿದೆ, ನೀರು ಅಳೆದು ಹಾಕಿದೆ, ಮುಚ್ಚಳ ತಿರುಗಿಸಿ ಗುಂಡಿ ಒತ್ತಿದೆ. ಎಲ್ಲವೂ ಮಗಳು ಹೇಳಿದ ಅಳತೆ. ಅಥವಾ ನಾನು ಹಾಗೆ ತಿಳಿದಿದ್ದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಕಾಳು ಮಾರುವವರು ಅಳೆದು ಕೊಟ್ಟ ಮೇಲೆ ಒಂದು ಹಿಡಿ ಮೇಲಕ್ಕೆ ಹಾಕುತ್ತೇವೆ. ಅದು ಕೊಸರು. ಕೊಸರು ಹಾಕದವಳ ಹತ್ತಿರ ಗಿರಾಕಿ ಮತ್ತೆ ಬರುವುದಿಲ್ಲ. ಚಿಕ್ಕಂದಿನಿಂದ ಈ ಕೈ ಅದನ್ನೇ ಮಾಡಿಕೊಂಡು ಬಂದಿದೆ. ಅಳತೆ ಮುಗಿದ ತಕ್ಷಣ ಕೈ ತಾನಾಗಿಯೇ ಚೀಲಕ್ಕೆ ಹೋಗುತ್ತದೆ, ಹಿಡಿ ತುಂಬುತ್ತದೆ, ಸುರಿಯುತ್ತದೆ. ನನ್ನ ತಲೆಗೂ ಅದಕ್ಕೂ ಸಂಬಂಧವಿಲ್ಲ. ಅವತ್ತು ಪ್ರತಿ ಲೋಟಕ್ಕೂ ಒಂದು ಹಿಡಿ ಹುರುಳಿ ಹಾಗೆ ಬಿದ್ದಿತ್ತು. ನೀರಿನ ಅಳತೆಗೂ ಅದೇ ಕೈ, ಅದೇ ಕೊಸರು. ಪಾತ್ರೆಯ ಒಳಗೆ ಗೆರೆ ಎಳೆದಿರುತ್ತಾರೆ. ಅದನ್ನು ನೋಡಬೇಕು ಎಂದು ಮಗಳು ಹೇಳಿದ್ದಳು. ಕಾಳಾದರೆ ಅರ್ಧಕ್ಕೆ ನಿಲ್ಲಿಸು, ಅದು ಉಬ್ಬುತ್ತದೆ, ನೊರೆ ಬರುತ್ತದೆ ಎಂದೂ ಹೇಳಿದ್ದಳು. ನಾನು ಹಾಕಿದ್ದು ಕತ್ತಿನ ತನಕ.

ಬೆಂದ ಸದ್ದಾಯಿತು. ಆವಿ ಬಿಡಲು ಮುಚ್ಚಳದ ಮೇಲಿನ ಮೂತಿಯನ್ನು ಚಮಚದ ಹಿಡಿಯಲ್ಲಿ ತಳ್ಳಿದೆ. ಆವಿ ಬರಬೇಕಾದಲ್ಲಿ ಕಂದು ನೊರೆ ಬುಸ್ಸೆಂದು ಸೂರಿಗೆ ಹಾರಿತು. ಫ್ರಿಜ್ಜಿನ ಮೇಲೆ, ಕ್ಯಾಲೆಂಡರಿನ ಮೇಲೆ, ನನ್ನ ತೋಳಿನ ಮೇಲೆ. ನಾನು ಕಿರುಚಿಕೊಂಡು ಮೂತಿಯನ್ನು ಮತ್ತೆ ಮುಚ್ಚಿದೆ. ಅತ್ತೆ ಗೋಡೆ ಹಿಡಿದು ಎದ್ದು ನಿಂತಿದ್ದಳು.

"ಏನಾಯ್ತೇ? ಸಿಡೀತಾ?"

"ಏನಿಲ್ಲ ಕೂತ್ಕೋ."

"ಏನಿಲ್ದೆ ಯಾಕ್ ಕಿರುಚ್ದೆ?"

ಇನ್ನೊಂದು ಸಲ ತಳ್ಳಿದೆ. ಈಗ ನೊರೆಯೂ ಇಲ್ಲ, ಆವಿಯೂ ಇಲ್ಲ. ಹುರುಳಿಯ ಸಿಪ್ಪೆ ದಾರಿ ಮುಚ್ಚಿಬಿಟ್ಟಿತ್ತು. ಒಳಗೆ ಆವಿ ಇದೆ ಎಂದು ತೋರಿಸುವ ಪಕ್ಕದ ಸಣ್ಣ ಮೊಳೆ ಮೇಲೆದ್ದುಕೊಂಡೇ ಇತ್ತು. ಅದು ಕೆಳಗೆ ಬೀಳುವ ತನಕ ಮುಚ್ಚಳ ತೆಗೆಯಬಾರದು. ತೆಗೆಯಲು ನೋಡಿದೆ. ಅಲುಗಲಿಲ್ಲ. ಒಳಗೆ ಏನು ನಡೆಯುತ್ತಿದೆಯೋ, ಈ ಡಬ್ಬ ಈಗ ಸೂರನ್ನೇ ಎತ್ತಿಕೊಂಡು ಹೋಗುತ್ತದೆಯೋ ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಸುತ್ತಿಗೆ ತಂದು ಒಂದು ಏಟು ಹಾಕಲಾ ಎಂದೂ ಅನ್ನಿಸಿತು. ನಾಳೆ ಮಧ್ಯಾಹ್ನಕ್ಕೆ ಸಾರು ಇಲ್ಲದಿದ್ದರೆ ವ್ಯಾನು ಖಾಲಿ ಹೋಗುತ್ತದೆ.

"ಪ್ಲಗ್ ಕಿತ್ತಾ?" ಎಂದಳು ಅತ್ತೆ.

"ಹೂಂ."

"ಹಂಗಾರೆ ಮುಟ್ಬ್ಯಾಡ. ಸೌದೆ ಎಳ್ದ್ ಮೇಲೆ ಎಂಥ ಪಾತ್ರೆನೂ ಆರ್ಲೇಬೇಕು. ಬಾ, ಇಲ್ಲಿ ಬಂದು ಕೂತ್ಕೋ. ಅದನ್ ದುರುಗುಟ್ಕಂಡು ನೋಡಿದ್ರೆ ಬೇಗ ಆರ್ತದಾ?"

ಇಬ್ಬರೂ ಗೋಡೆಗೆ ಒರಗಿ ಕೂತೆವು. ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿದ್ದೆ. ನೀವೂ ಹಾಗೇ ಕೂರಿ. ಬಿಗಿದ ಮುಚ್ಚಳದ ಮೇಲೆ ಬಲ ತೋರಿಸಿದವರು ಮುಖ ಸುಟ್ಟುಕೊಳ್ಳುತ್ತಾರೆ. ಸಂಜೆಯಾಗುವ ಹೊತ್ತಿಗೆ ಮೊಳೆ ಟಕ್ಕೆಂದು ಬಿತ್ತು. ಅಷ್ಟು ಸಣ್ಣ ಸದ್ದಿಗೆ ನಾವಿಬ್ಬರೂ ಬೆಚ್ಚಿಬಿದ್ದೆವು.

ಒಳಗೆ ಕಾಳು ಎನ್ನುವುದೇ ಇರಲಿಲ್ಲ. ಕರಗಿ ಅಂಬಲಿಯಾಗಿತ್ತು. ಬಸಿದು ತೆಗೆಯಲು ಕಟ್ಟೂ ಇಲ್ಲ, ಪಲ್ಯಕ್ಕೆ ಕಾಳೂ ಇಲ್ಲ. ಒಂದು ಕ್ಷಣ ಹಣೆ ಹಿಡಿದು ನಿಂತೆ. ಆಮೇಲೆ ನನ್ನ ಕಸುಬು ನೆನಪಾಯಿತು. ಮಳೆಗೆ ಸಿಕ್ಕಿ ಮುಗ್ಗಿದ ತೊಗರಿಯನ್ನೇ ನಾನು ಬಿಸಿಲಿಗೆ ಹಾಕಿ ಒಡೆಸಿ ಬೇಳೆ ಮಾಡಿ ಮಾರಿದವಳು. ಕೆಟ್ಟ ಸರಕು ಎಂದು ಒಂದಿಲ್ಲ, ಅದಕ್ಕೆ ಬೇರೆ ಹೆಸರು ಹುಡುಕಬೇಕು ಅಷ್ಟೆ. ಆ ಅಂಬಲಿಗೆ ಎರಡು ಚೆಂಬು ಬಿಸಿನೀರು ಬೆರೆಸಿ ಅಲುಗಾಡಿಸದೆ ಬಿಟ್ಟೆ. ಗಟ್ಟಿ ಕೆಳಗೆ ಕೂತು ತಿಳಿ ಮೇಲೆ ನಿಂತಿತು. ತಿಳಿಯನ್ನು ಬಗ್ಗಿಸಿಕೊಂಡೆ. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಒಂದು ಚೂರು ಕೊಬ್ಬರಿ, ಒಂದು ಸೌಟು ಆ ಗಟ್ಟಿಯನ್ನೂ ಸೇರಿಸಿ ರುಬ್ಬಿ, ಹುಣಸೆ ಕಿವುಚಿ, ಒಗ್ಗರಣೆ ಕೊಟ್ಟು ಕುದಿಸಿದೆ. ಉಳಿದ ಗಟ್ಟಿಗೆ ಈರುಳ್ಳಿ ಹಾಕಿ ಹುರಿದು ಗೊಜ್ಜಿನ ಹಾಗೆ ಮಾಡಿ ಡಬ್ಬಿಗೆ ಹಾಕಿದೆ. ಎಲ್ಲ ಆರಿಸಿ ಫ್ರಿಜ್ಜಿಗೆ ಇಟ್ಟೆ. ರುಚಿ ನೋಡಲಿಲ್ಲ. ಧೈರ್ಯ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಮಗಳು ಶಿಫ್ಟಿಗೆ ಹೋಗಿದ್ದಳು, ಗಂಡ ಅವತ್ತು ಮಧ್ಯಾಹ್ನದ ತನಕ ಹೊಲದಲ್ಲೇ ಇರುವವನಿದ್ದ. ಹೊರಡುವ ಮುಂಚೆ ಸಾರನ್ನು ಕುಕ್ಕರಿನ ಎರಡನೇ ಪಾತ್ರೆಗೆ ಹಾಕಿಟ್ಟು ಅತ್ತೆಯ ಬೆರಳು ಹಿಡಿದು ಗುಂಡಿಯ ಮೇಲೆ ಇಟ್ಟೆ. "ಇದ ಒತ್ತು. ಬಿಸಿಯಾಗ್ತದೆ. ನಾನು ಊಟದೊತ್ಗೆ ಬಂದ್ಬುಡ್ತೀನಿ. ಹಸಿವಾದ್ರೆ ಮಾತ್ರ ಒತ್ತು."

ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಅಲಸಂದೆ ಕೇಳಿದವರಿಗೆ ತೊಗರಿ ಕೊಟ್ಟು ಬೈಸಿಕೊಂಡೆ. ಮಧ್ಯಾಹ್ನ ಬಸ್ಸಿಳಿದು ಮನೆ ಬಾಗಿಲಿಗೆ ಬಂದಾಗ ಸುಟ್ಟ ಬಟ್ಟೆಯ ವಾಸನೆ ಬಂತು. ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಸೆರಗನ್ನು ಎಂದಿನಂತೆ ಹೊದ್ದಿರಲಿಲ್ಲ, ಮುದುರಿ ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು.

"ಏನತ್ತೆ ಇದು ವಾಸ್ನೆ?"

"ಯಾರೋ ಕಸ ಸುಡ್ತಾವ್ರೆ."

ನಾನು ಸೆರಗು ಎಳೆದೆ. ಅವಳು ಬಿಡಲಿಲ್ಲ. ಇನ್ನೊಂದು ಸಲ ಎಳೆದೆ. ಅಂಚು ಪೂರ್ತಿ ಸುಟ್ಟು ಕರಿಯಾಗಿ ಮುರುಟಿತ್ತು. ಒಂದು ಗೇಣಿನಷ್ಟು ಸೀರೆಯೇ ಇರಲಿಲ್ಲ. ಒಳಗಿನ ತೋಳು ಕೆಂಪಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ಗುಂಡಿ ಒತ್ದೆ ಕಣೆ" ಎಂದಳು. "ದೀಪ ಹತ್ತಿತೋ ಇಲ್ವೋ ಗೊತ್ತಾಗ್ಲಿಲ್ಲ. ಸದ್ದಿಲ್ಲ, ಶಾಖ ಇಲ್ಲ. ಒಲೆ ಆದ್ರೆ ಮಖಕ್ಕೆ ಬಿಸಿ ತಟ್ತದೆ, ಹತ್ಕಂತು ಅಂತ ತಿಳೀತದೆ. ಅದ್ಕೇ ಒಲೆ ಹಚ್ದೆ. ಬೆಂಕಿ ಎಲ್ಲೈತೆ ಅಂತ ನೋಡಕ್ ಹೋದೆ. ಮೊದ್ಲೆಲ್ಲ ಕೆಂಪಗಾದ್ರೂ ಕಾಣ್ತಿತ್ತು."

"ಯಾರ್ ಆರಿಸಿದ್ದು?"

"ನಾನೇ. ನೀರಿನ ಕೊಡ ಎಲ್ಲೈತೆ ಅಂತ ಕಾಲಿಗ್ ಗೊತ್ತು."

ತೋಳಿಗೆ ತಣ್ಣೀರು ಹಾಕಿದೆ, ಹಾಕುತ್ತಲೇ ಇದ್ದೆ. ಅವಳೇ "ಸಾಕು, ನೆಂದ್ ಹುರುಳಿ ಆಗ್ಬುಟ್ಟೆ" ಎಂದು ಕೈ ಎಳೆದುಕೊಂಡಳು. "ಸಾರ್ ಬಿಸಿ ಮಾಡು. ಮಾತು ಮಾತೇ."

ಕುಕ್ಕರಿನಲ್ಲಿ ಸಾರು ಕುದಿಯುವ ಸದ್ದು ಕೇಳುವ ತನಕ ಕಾದೆ. ಗ್ಯಾಸಿನ ಮೇಲೆ ಮುದ್ದೆ ತಿರುವಿದೆ. ಒಂದೆರಡು ಗಂಟು ಉಳಿದಿದ್ದವು. ಅತ್ತೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಇನ್ನೊಂದು ತುತ್ತು ನುಂಗಿದಳು. ಗಂಟು ಸಿಕ್ಕಿದ್ದನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟಳು. ಸಂತೆಯಲ್ಲಿ ಬೆಲೆ ಹೇಳಿ ಗಿರಾಕಿಯ ಮುಖ ನೋಡುತ್ತಾ ನಿಂತ ಹಾಗೆ ನಿಂತಿದ್ದೆ. ನೋಡಲು ಮಾತ್ರ ಏನೂ ಸಿಗಲಿಲ್ಲ. ಅವಳ ಮುಖ ತಟ್ಟೆಯ ಕಡೆಯೇ ಇತ್ತು.

"ಉಪ್ ಕಮ್ಮಿ" ಎಂದಳು. ಬೆರಳು ನೆಕ್ಕಿದಳು. "ಖಾರಾನೂ ಅಷ್ಟಕ್ಕಷ್ಟೇ. ಬಸಿದ್ ಕಟ್ಟಲ್ಲ ಇದು, ಏನೋ ಕಿತಾಪತಿ ಮಾಡಿದ್ದೀಯ." ತಟ್ಟೆ ಮುಂದಕ್ಕೆ ತಳ್ಳಿದಳು, ಇನ್ನೊಂದು ಸೌಟು ಹಾಕು ಎನ್ನುವ ಹಾಗೆ. ಹಾಕಿದೆ. ಅದನ್ನೂ ಮುಗಿಸಿ ಕೈ ತೊಳೆದು, "ನಾಳೆ ವ್ಯಾನಿಗೆ ಯಾವ್ ಸೀರೆ ಉಡ್ಲೇ? ಇದಂತೂ ಹೋಯ್ತು" ಎಂದಳು.

ಬುಧವಾರ ಅವಳನ್ನು ಹತ್ತಿಸಿ, ನಾನೂ ಹತ್ತಿದೆ. ಮನೆಯಲ್ಲಿ ಅಪ್ಪ ಮಗಳು ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡಿಕೊಂಡು ಉಂಡರು. ಯಾರೂ ಉಪವಾಸ ಬೀಳಲಿಲ್ಲ, ಯಾರಿಗೂ ಹೊಟ್ಟೆ ಕೆಡಲಿಲ್ಲ. ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಡಾಕ್ಟರು ಮತ್ತೆ ಬೆರಳು ಹಿಡಿದರು. ಅತ್ತೆ ಈ ಸಲ ಚೌಕಾಸಿ ಮಾಡದೆ ತಟ್ಟನೆ ಹೇಳಿದಳು. ಎಡಗಣ್ಣಿನದ್ದು ಆಮೇಲೆ ನೋಡೋಣ ಎಂದರು.

ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತೇ ಪಥ್ಯದ ದಿನಗಳನ್ನು ಕಳೆದಳು. ಅಡುಗೆಮನೆಗೆ ನಾವು ಬಿಡುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮುಖ ನೋಡಿ, "ಏನ್ಲಾ ಇಷ್ಟು ಸೊರಗ್ಬುಟ್ಟಿದ್ದೀಯ" ಎನ್ನುತ್ತಿದ್ದಳು. ಕನ್ನಡಕ ತೆಗೆಯಬಹುದು ಎಂದ ದಿನ, ಯಾರನ್ನೂ ಕೇಳದೆ ಎದ್ದು ನೇರ ಅಡುಗೆಮನೆಗೆ ಹೋದಳು. ಸೌಟು ವಾಪಸ್ ತೆಗೆದುಕೊಳ್ಳುತ್ತಾಳೆ, ನನಗೆ ಬಿಡುಗಡೆ ಎಂದುಕೊಂಡು ಹಿಂದೆಯೇ ಹೋದೆ.

ಬಾಗಿಲಲ್ಲೇ ನಿಂತುಬಿಟ್ಟಳು. ಒಲೆಯ ಹಿಂದಿನ ಗೋಡೆ ಸೂರಿನ ತನಕ ಟಾರು ಬಳಿದ ಹಾಗೆ ಕರಿಯಾಗಿತ್ತು. ತೊಲೆಗಳಿಂದ ಮಸಿ ಹಿಡಿದ ಜೇಡರ ಬಲೆ ದಾರದಂತೆ ಇಳಿಬಿದ್ದಿತ್ತು. ಹಲಗೆಯ ಮೇಲಿನ ಡಬ್ಬಿಗಳು ಯಾವ ಬಣ್ಣದ್ದೆಂದು ತಿಳಿಯುವಂತಿರಲಿಲ್ಲ. ನಾನೂ ಆ ಗೋಡೆಯನ್ನು ಅವತ್ತೇ ಸರಿಯಾಗಿ ನೋಡಿದ್ದು. ಪ್ರತಿ ಸಲ ಮನೆಗೆ ಸುಣ್ಣ ಬಳಿಸುವಾಗ, "ಅಡುಗೆಮನೆ ಚೆನ್ನಾಗೈತೆ, ಅಲ್ಲಿ ಬ್ಯಾಡ, ಪಾತ್ರೆ ಎಲ್ಲಾ ಎತ್ತಬೇಕಾಗ್ತದೆ" ಎಂದು ಬಣ್ಣದವರನ್ನು ವಾಪಸ್ ಕಳಿಸುತ್ತಿದ್ದವಳು ಅವಳೇ. ಒಂದು ಸಲ ಇಣುಕಿ ನೋಡೋಣ ಎಂದು ನನಗೂ ಅನ್ನಿಸಿರಲಿಲ್ಲ.

ಅತ್ತೆ ಗೋಡೆಯ ಮೇಲೆ ಬೆರಳು ಎಳೆದು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನಗೆ ತೋರಿಸಿದಳು.

"ಇದ್ರಾಗಾ ನಾನ್ ನಿಮ್ಗೆ ಅನ್ನ ಬೇಯ್ಸಿದ್ದು?"

ನಾನು ಹಲಗೆಯ ಮೇಲಿನ ಒಂದು ಡಬ್ಬಿ ತೆಗೆದು ಉಜ್ಜತೊಡಗಿದೆ.

"ಕೇಳ್ದೆ, ಹೇಳು. ಎಷ್ಟ್ ದಿನದಿಂದ ಹಿಂಗೈತೆ?"

"ನಂಗೂ ಗೊತ್ತಿಲ್ಲತ್ತೆ."

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಬಿಟ್ಟು, ಅಂಗಳದ ತೊಟ್ಟಿಗೆ ಹೋಗಿ ತೊಳೆದುಕೊಂಡಳು. ಎಷ್ಟೋ ಹೊತ್ತು ತೊಳೆಯುತ್ತಿದ್ದಳು. ಮತ್ತೆ ಅಡುಗೆಮನೆಯ ಕಡೆ ತಿರುಗಲಿಲ್ಲ. ಜಗಲಿಗೆ ಬಂದು ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ಶಿಫ್ಟು ಮುಗಿಸಿ ಮಗಳು ಬಂದಳು. ಚಪ್ಪಲಿ ಬಿಡುತ್ತಲೇ, "ಅಜ್ಜಿ, ಹಸಿವು, ಏನ್ ಮಾಡಿದ್ದೀಯ?" ಎಂದು ಹಳೇ ಅಭ್ಯಾಸದಂತೆ ಕೇಳಿದಳು.

"ನನ್ನೇನ್ ಕೇಳ್ತೀಯ" ಎಂದಳು ಅತ್ತೆ. "ನಿಮ್ಮವ್ವನ್ನ ಕೇಳು. ಆ ಡಬ್ಬದಾಗೆ ನಿನ್ನೇದು ಏನೋ ಐತೆ. ನಂಗೂ ಒಂದ್ ತಟ್ಟೆ ತರಕ್ ಹೇಳು."